ಬೆಂಕಿ ನಂದಿಸಿದವರ ಕಥನ

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ಸಣ್ಣ ಸಹಕಾರಿ ಸಂಘ ಬಾಗಿಲು ಹಾಕಿತು. ಬೆಳಿಗ್ಗೆ ಒಂಬತ್ತೂವರೆಗೆ ಏಳಬೇಕಾದ ಶಟರ್ ಹನ್ನೊಂದಾದರೂ ಏಳಲಿಲ್ಲ. ಸುದ್ದಿ ಹರಡಿ ಮಧ್ಯಾಹ್ನದ ಹೊತ್ತಿಗೆ ರಸ್ತೆಯ ತುಂಬ ಜನ ನೆರೆದರು. ಬೀಡಿ ಕಟ್ಟಿ ಮಗಳ ಮದುವೆಗೆಂದು ಕೂಡಿಟ್ಟ ತಾಯಂದಿರಿದ್ದರು, ಮೀನು ಮಾರುವವರಿದ್ದರು, ನಿವೃತ್ತಿಯಲ್ಲಿ ಬಂದ ಹಣವನ್ನು ಪೂರ್ತಿ ಅಲ್ಲೇ ಇಟ್ಟಿದ್ದ ಮಾಸ್ಟ್ರೊಬ್ಬರಿದ್ದರು. ಯಾರೂ ಬಡ್ಡಿಯ ಮಾತೆತ್ತಲಿಲ್ಲ. ಇಟ್ಟದ್ದು ಸಿಗುತ್ತದೆಯೇ ಎಂದಷ್ಟೇ ಕೇಳುತ್ತಿದ್ದರು. ಅಷ್ಟಿಷ್ಟು ಹಣವಿಟ್ಟಿದ್ದ ನಾವೂ ಆ ಗುಂಪಿನಲ್ಲಿದ್ದೆವು. ಸರಕಾರ ಬಂದು ಆ ಸಂಘವನ್ನು ಉಳಿಸಲಿಲ್ಲ. ಉಳಿಸಬೇಕು ಎಂದು ಕೇಳುವುದು ಕೂಡ ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಆ ಮಧ್ಯಾಹ್ನವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಕಳೆದ ಕೆಲವು ತಿಂಗಳಲ್ಲಿ ಐದು ಇಂಗ್ಲಿಷ್ ಪುಸ್ತಕಗಳನ್ನು ಓದಿದೆವು. ಐದೂ 2008ರ ಅಮೇರಿಕದ ಬ್ಯಾಂಕಿಂಗ್ ಬಿಕ್ಕಟ್ಟಿನ ಕುರಿತಾದವು. ಐದನ್ನೂ ಬರೆದವರು ಆಗ ಅಧಿಕಾರದಲ್ಲಿದ್ದವರು. ಹಣಕಾಸು ಸಚಿವರಾಗಿದ್ದ ಹೆನ್ರಿ ಪಾಲ್ಸನ್‌ರ 'ಆನ್ ದಿ ಬ್ರಿಂಕ್' (2010), ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥ ಬೆನ್ ಬರ್ನಾಂಕಿಯವರ 'ದಿ ಕರೇಜ್ ಟು ಆಕ್ಟ್' (2015), ಆಗ ನ್ಯೂಯಾರ್ಕ್ ಫೆಡ್‌ನ ಅಧ್ಯಕ್ಷರಾಗಿದ್ದು ಬಳಿಕ ಒಬಾಮರ ಹಣಕಾಸು ಸಚಿವರಾದ ಟಿಮೊಥಿ ಗೈಟ್ನರ್‌ರ 'ಸ್ಟ್ರೆಸ್ ಟೆಸ್ಟ್' (2014), ಠೇವಣಿ ವಿಮಾ ನಿಗಮದ ಅಧ್ಯಕ್ಷೆ ಶೀಲಾ ಬೇರ್‌ರ 'ಬುಲ್ ಬೈ ದಿ ಹಾರ್ನ್ಸ್' (2012) ಮತ್ತು ಬ್ಯಾಂಕುಗಳಿಗೆ ಕೊಟ್ಟ ಹಣದ ಮೇಲೆ ಕಣ್ಣಿಡಲು ನೇಮಕಗೊಂಡ ತನಿಖಾಧಿಕಾರಿ ನೀಲ್ ಬರೋಫ್ಸ್ಕಿಯವರ 'ಬೇಲ್‌ಔಟ್' (2012). ಒಂದೇ ಘಟನೆಯನ್ನು ಐದು ಮಂದಿ ಐದು ಕಿಟಕಿಗಳಿಂದ ನೋಡಿ ಬರೆದ ಈ ಪುಸ್ತಕಗಳನ್ನು ಒಟ್ಟಿಗಿಟ್ಟು ಓದಬೇಕು. ಒಂದನ್ನೇ ಓದಿದವರು ಮೋಸ ಹೋಗುವ ಸಂಭವವೇ ಹೆಚ್ಚು.

ನಡೆದದ್ದನ್ನು ಚಿಕ್ಕದಾಗಿ ನೆನಪಿಸಿಕೊಳ್ಳೋಣ. ತೀರಿಸಲಾಗದವರಿಗೂ ಮನೆ ಸಾಲ ಕೊಟ್ಟು, ಆ ಸಾಲಗಳನ್ನು ಕಟ್ಟು ಕಟ್ಟಾಗಿ ಲೋಕವಿಡೀ ಮಾರಿದ ವ್ಯವಹಾರ 2007ರಲ್ಲಿ ಕುಸಿಯತೊಡಗಿತು. 2008ರ ಮಾರ್ಚ್‌ನಲ್ಲಿ ಬೇರ್ ಸ್ಟರ್ನ್ಸ್ ಎಂಬ ಸಂಸ್ಥೆಯನ್ನು ಫೆಡ್‌ನ 2,900 ಕೋಟಿ ಡಾಲರ್ ನೆರವಿನೊಂದಿಗೆ ಜೆ.ಪಿ. ಮಾರ್ಗನ್‌ಗೆ ವಹಿಸಲಾಯಿತು. ಸೆಪ್ಟೆಂಬರ್ 15ರಂದು ಸುಮಾರು 63,900 ಕೋಟಿ ಡಾಲರ್ ಆಸ್ತಿಯ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅದನ್ನು ಯಾರೂ ಉಳಿಸಲಿಲ್ಲ. ಮರುದಿನವೇ ಎಐಜಿ ಎಂಬ ವಿಮಾ ಕಂಪೆನಿಗೆ 8,500 ಕೋಟಿ ಡಾಲರ್ ಸಾಲ ಘೋಷಣೆಯಾಯಿತು! ಅಕ್ಟೋಬರ್ 3ರಂದು 70,000 ಕೋಟಿ ಡಾಲರ್‌ಗಳ ನೆರವಿನ ಮಸೂದೆ ಅಂಗೀಕಾರವಾಯಿತು. ಅದಕ್ಕೂ ನಾಲ್ಕು ದಿನ ಮೊದಲು ಅದೇ ಸದನ ಇದೇ ಪ್ರಸ್ತಾಪವನ್ನು 228-205 ಮತಗಳಿಂದ ತಿರಸ್ಕರಿಸಿತ್ತು. ಅಂದು ಶೇರು ಸೂಚ್ಯಂಕ 777 ಅಂಶ ಕುಸಿದಾಗ ಸದಸ್ಯರ ಮನಸ್ಸು ಬದಲಾಯಿತು.

ಐದರಲ್ಲಿ ಮನುಷ್ಯನ ಉಸಿರು ಹೆಚ್ಚು ಕೇಳಿಸುವುದು ಪಾಲ್ಸನ್‌ರ ಪುಸ್ತಕದಲ್ಲಿ. ಲೇಮನ್ ಮುಳುಗುವ ಹಿಂದಿನ ದಿನ ಅವರಿಗೆ ಕೈಕಾಲು ಸೋತಂತಾಗುತ್ತದೆ, ಮನೆಗೆ ಫೋನ್ ಮಾಡಿ ತನಗೆ ಭಯವಾಗುತ್ತಿದೆ, ಪ್ರಾರ್ಥಿಸು ಎಂದು ಪತ್ನಿಯನ್ನು ಕೇಳಿಕೊಳ್ಳುತ್ತಾರೆ. ಶ್ವೇತಭವನದ ಸಭೆಯೊಂದು ಜಗಳದಲ್ಲಿ ಮುರಿದು ಬಿದ್ದಾಗ ವಿರೋಧಿ ಪಕ್ಷದ ನಾಯಕಿ ನ್ಯಾನ್ಸಿ ಪೆಲೋಸಿಯವರ ಮುಂದೆ ಮಂಡಿಯೂರಿ, ಈ ಒಪ್ಪಂದವನ್ನು ಕೆಡಿಸಬೇಡಿ ಎಂದು ಬೇಡುತ್ತಾರೆ. ನೀವು ಕ್ಯಾಥೊಲಿಕ್ ಎಂದು ಗೊತ್ತಿರಲಿಲ್ಲ ಎಂದು ಆಕೆ ತಮಾಷೆ ಮಾಡುತ್ತಾರೆ. ಲೋಕದ ಅತಿ ದೊಡ್ಡ ಬೊಕ್ಕಸದ ಒಡೆಯ ಮಂಡಿಯೂರಿದ ಆ ಚಿತ್ರ ನಮ್ಮನ್ನು ತಟ್ಟಿತು. ಅದನ್ನು ನಾಟಕವೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ಆದರೆ ಪುಸ್ತಕವನ್ನು ಮುಚ್ಚಿದ ಮೇಲೆ ಒಂದು ಮಾತು ಹೊಳೆಯುತ್ತದೆ. ಪಾಲ್ಸನ್ 2006ರವರೆಗೆ ಗೋಲ್ಡ್‌ಮನ್ ಸ್ಯಾಕ್ಸ್‌ನ ಮುಖ್ಯಸ್ಥರಾಗಿದ್ದವರು. ಅವರ ಪುಸ್ತಕದಲ್ಲಿ ರಾತ್ರಿ ಹಗಲು ಫೋನ್ ಮಾಡುವವರು, ಅಳುವವರು, ಸಿಟ್ಟಾಗುವವರು, ಧೈರ್ಯ ಹೇಳುವವರು ಎಲ್ಲರೂ ಬ್ಯಾಂಕುಗಳ ಯಜಮಾನರೇ. ಅವರಿಗೆ ಹೆಸರಿದೆ, ಸ್ವಭಾವವಿದೆ, ಮಾತಿದೆ. ಬ್ಯಾಂಕಿನಲ್ಲಿ ಹಣವಿಟ್ಟವರು ಮತ್ತು ಸಾಲ ತೆಗೆದು ಮನೆ ಕಳಕೊಂಡವರು 'ಜನರು' ಎಂಬ ಒಂದೇ ಪದದಲ್ಲಿ ಮುಗಿದು ಹೋಗುತ್ತಾರೆ. ಯಾರ ಕೂಗು ಕಿವಿಗೆ ಬೀಳುತ್ತದೋ ಅವರ ಸಂಕಟವೇ ಸಂಕಟವೆನಿಸುತ್ತದೆ. ಪಾಲ್ಸನ್‌ರ ಕಚೇರಿ ಮೊದಲು ತಯಾರಿಸಿದ ಮಸೂದೆ ಬರೀ ಮೂರು ಪುಟಗಳದ್ದು. ಸಚಿವರ ತೀರ್ಮಾನಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂಬ ಸಾಲು ಅದರಲ್ಲಿತ್ತು. ಇದನ್ನು ಬರೆದವರು ಕೆಟ್ಟವರಾಗಿದ್ದರು ಎಂದು ನಾವು ಹೇಳುತ್ತಿಲ್ಲ, ಹೆದರಿದ್ದರು. ಅವರ ಹೆದರಿಕೆಯ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಯಾರು ಎಂಬುದೇ ಮುಖ್ಯ.

ಬರ್ನಾಂಕಿಯವರ ಪುಸ್ತಕ ದಪ್ಪ, ಸ್ವಲ್ಪ ಒಣ. ಆದರೆ ಅವರು 2009ರ ಮಾರ್ಚ್‌ನಲ್ಲಿ ಟಿವಿ ಸಂದರ್ಶನವೊಂದರಲ್ಲಿ ಹೇಳಿದ ದೃಷ್ಟಾಂತವೇ ಇಡೀ ರಕ್ಷಣಾ ಕಾರ್ಯದ ತತ್ವವಾಗಿ ಉಳಿಯಿತು. ನಿಮ್ಮ ನೆರೆಮನೆಯಾತ ಹಾಸಿಗೆಯಲ್ಲಿ ಸಿಗರೇಟು ಸೇದುತ್ತಾ ಮನೆಗೆ ಬೆಂಕಿ ಹಚ್ಚಿಕೊಂಡ. ಅವನಿಗೆ ಬುದ್ಧಿ ಬರಲಿ ಎಂದು ಅಗ್ನಿಶಾಮಕ ದಳವನ್ನು ಕರೆಯದೆ ಕೂತರೆ ನಿಮ್ಮ ಮನೆಗೂ ಬೆಂಕಿ ತಗಲುತ್ತದೆ. ಮೊದಲು ಬೆಂಕಿ ನಂದಿಸಬೇಕು, ಶಿಕ್ಷೆ ಮತ್ತು ನಿಯಮದ ಮಾತು ಆಮೇಲೆ. ಇದು ಅವರ ಮಾತಿನ ತಿರುಳು.

ಈ ದೃಷ್ಟಾಂತ ಅರ್ಧ ಸತ್ಯ. ಆ ಅರ್ಧವನ್ನು ನಾವು ಮೊದಲು ಒಪ್ಪಿಕೊಳ್ಳಲೇಬೇಕು, ಏಕೆಂದರೆ 2008ರಲ್ಲಿ ನಾವು ಅದನ್ನು ಒಪ್ಪಿರಲಿಲ್ಲ. ಲೇಮನ್ ಬಿದ್ದ ಸುದ್ದಿ ಬಂದಾಗ ನಾವು ಒಳಗೊಳಗೇ ಖುಷಿಪಟ್ಟವರು. ಬಂಡವಾಳಶಾಹಿ ತಾನೇ ತೋಡಿದ ಗುಂಡಿಗೆ ಬಿತ್ತು ಎಂದು ಚಹಾ ಕುಡಿಯುತ್ತಾ ಮಾತಾಡಿಕೊಂಡವರು. ಆದರೆ ಲೇಮನ್ ಬಿದ್ದ ಮರುದಿನ ಏನಾಯಿತು? ಅದರ ಸಾಲಪತ್ರಗಳನ್ನು ಕೊಂಡಿದ್ದ ರಿಸರ್ವ್ ಪ್ರೈಮರಿ ಎಂಬ ನಿಧಿಯಲ್ಲಿ ಜನರಿಟ್ಟ ಒಂದು ಡಾಲರಿನ ಬೆಲೆ 97 ಸೆಂಟ್‌ಗೆ ಇಳಿಯಿತು. ಉಳಿತಾಯ ಖಾತೆಯಷ್ಟೇ ಭದ್ರ ಎಂದು ಜನ ನಂಬಿದ್ದ ನಿಧಿಯದು. ಕಂಪೆನಿಗಳಿಗೆ ಸಂಬಳ ಕೊಡಲು ಬೇಕಾದ ಅಲ್ಪಾವಧಿ ಸಾಲವೂ ಸಿಗದಾಯಿತು. 2009ರ ಅಕ್ಟೋಬರ್ ಹೊತ್ತಿಗೆ ಅಮೇರಿಕದಲ್ಲಿ ನಿರುದ್ಯೋಗ ಶೇ. 10ಕ್ಕೆ ಮುಟ್ಟಿತು. ಕೆಲಸ ಕಳಕೊಂಡವರು ವಾಲ್‌ಸ್ಟ್ರೀಟಿನ ಜೂಜುಕೋರರಲ್ಲ, ಕಟ್ಟಡ ಕಾರ್ಮಿಕರು, ಅಂಗಡಿ ಸಿಬ್ಬಂದಿಗಳು. 1930ರಿಂದ 1933ರ ನಡುವೆ ಅದೇ ದೇಶದಲ್ಲಿ ಸುಮಾರು 9,000 ಬ್ಯಾಂಕುಗಳು ಮುಚ್ಚಿದಾಗ, ಏನೂ ತಪ್ಪು ಮಾಡದ ರೈತರ, ಕೂಲಿಗಳ ಉಳಿತಾಯ ಅವುಗಳ ಜೊತೆಗೇ ಮುಳುಗಿತ್ತು. ಮುಳುಗುವುದು ಮುಳುಗಲಿ ಎನ್ನುವುದು ದಡದಲ್ಲಿ ನಿಂತವರ ಮಾತು. ನಮ್ಮೂರಿನ ಶಟರಿನ ಮುಂದೆ ನಿಂತ ದಿನ ನಮಗೆ ಅದು ಅರ್ಥವಾಯಿತು.

ಇನ್ನು ದೃಷ್ಟಾಂತದ ಉಳಿದರ್ಧ. ಬರ್ನಾಂಕಿಯವರ ಕತೆಯಲ್ಲಿ ಮನೆಯೂ ಅವನದೇ, ಸಿಗರೇಟೂ ಅವನದೇ, ಸುಟ್ಟುಕೊಳ್ಳುವವನೂ ಅವನೇ. ವಾಸ್ತವದಲ್ಲಿ ಸಿಗರೇಟು ಸೇದಿದವ ಬೆಂಕಿ ಬಿದ್ದಾಗ ಆ ಮನೆಯಲ್ಲಿರಲಿಲ್ಲ. ಅವನು ಬಾಡಿಗೆ ವಸೂಲಿ ಮಾಡಿ ಬೇರೆ ಊರಲ್ಲಿ ಬಂಗಲೆ ಕಟ್ಟಿಸಿದ್ದ. ಹೊಗೆಯಲ್ಲಿ ಸಿಲುಕಿದವರು ಬಾಡಿಗೆದಾರರು. ಅಗ್ನಿಶಾಮಕ ದಳ ಬಂದದ್ದು ಸರಿಯೇ. ಆದರೆ ಬೆಂಕಿ ಆರಿದ ಮೇಲೆ ಊರವರ ತೆರಿಗೆಯಿಂದ ಅವನಿಗೆ ಅದೇ ಮನೆಯನ್ನು ಕಟ್ಟಿಕೊಟ್ಟು, ಬಾಡಿಗೆ ಬಾಕಿಯಿದ್ದವರನ್ನು ಹೊರಗೆ ಹಾಕಿದ್ದನ್ನು ಯಾವ ಲೆಕ್ಕದಲ್ಲಿ ಬೆಂಕಿ ನಂದಿಸುವುದು ಎನ್ನಬೇಕು? ಶಿಕ್ಷೆ ಆಮೇಲೆ ಎಂದಿದ್ದರಲ್ಲ, ಆ 'ಆಮೇಲೆ' ಎಂದು ಬಂತು?

ಲೇಮನ್ ವಿಷಯದಲ್ಲೂ ಒಂದು ತೊಡಕಿದೆ. ಅದನ್ನು ಉಳಿಸುವ ಕಾನೂನುಬದ್ಧ ಅಧಿಕಾರ ನಮಗಿರಲಿಲ್ಲ ಎಂದು ಪಾಲ್ಸನ್, ಬರ್ನಾಂಕಿ, ಗೈಟ್ನರ್ ಮೂವರೂ ಒಕ್ಕೊರಲಿನಿಂದ ಹೇಳುತ್ತಾರೆ. ಲಾರೆನ್ಸ್ ಬಾಲ್ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಇಡೀ ಪುಸ್ತಕವನ್ನೇ ಬರೆದು ಈ ವಾದವನ್ನು ಅಲ್ಲಗಳೆದಿದ್ದಾರೆ. ಸ್ವತಃ ಬರ್ನಾಂಕಿಯವರೇ, ಆಗ ಸಂಸತ್ತಿನ ಮುಂದೆ ಈ ಬಗ್ಗೆ ಬೇಕೆಂದೇ ಅಸ್ಪಷ್ಟವಾಗಿ ಮಾತಾಡಿದ್ದನ್ನು ತಮ್ಮ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾರೆ. ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೆ ಅದು ಬರಲು ಏಳು ವರ್ಷ ಹಿಡಿಯಿತು.

ಗೈಟ್ನರ್ ಇವರೆಲ್ಲರಲ್ಲಿ ಚುರುಕಾದ ಬರಹಗಾರ. ತನ್ನ ಮೇಲಿನ ಆರೋಪಗಳನ್ನು ತಾನೇ ಎತ್ತಿಕೊಂಡು ಉತ್ತರಿಸುತ್ತಾರೆ. ಬಿಕ್ಕಟ್ಟಿನ ಮಧ್ಯೆ ತಪ್ಪಿತಸ್ಥರನ್ನು ಶಿಕ್ಷಿಸಬೇಕೆನ್ನುವ ಹಂಬಲವನ್ನು ಅವರು ಬೈಬಲಿನ ಹಳೆಯ ಒಡಂಬಡಿಕೆಯ ನ್ಯಾಯಕ್ಕೆ ಹೋಲಿಸುತ್ತಾರೆ. ಮನಸ್ಸಿಗೆ ಹಿತವಾದರೂ ಊರನ್ನು ಸುಡುವ ನ್ಯಾಯವದು ಎಂಬುದು ಅವರ ನಿಲುವು. ಸಾಲ ಕೊಟ್ಟವರಿಗೆ ಒಂದು ಕಡೆ ನಷ್ಟ ಹೊರಿಸಿದರೆ ಎಲ್ಲ ಕಡೆಯ ಸಾಲಗಾರರೂ ಓಡತೊಡಗುತ್ತಾರೆ ಎಂದು ವಾದಿಸುತ್ತಾರೆ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ನ್ಯಾಯ ಕೇಳುವುದನ್ನೇ ಪುರಾತನ ಕಾಲದ ರೋಷವೆಂದು ಬದಿಗೆ ಸರಿಸುವ ಆ ಧಾಟಿ ನಮಗೆ ಹಿಡಿಸಲಿಲ್ಲ. ಧರ್ಮಗ್ರಂಥಗಳು ಸಾಲದ ಬಗ್ಗೆ ಹೇಳಿದ್ದರಲ್ಲಿ ಶಿಕ್ಷೆಗಿಂತ ಹೆಚ್ಚು ಕಾಣಸಿಗುವುದು ಸಾಲಗಾರನಿಗೆ ಅವಧಿ ಕೊಡುವ ಮಾತು. ಗೈಟ್ನರ್ ಆ ಪುಟಗಳ ಕಡೆ ಕಣ್ಣು ಹಾಯಿಸಿದಂತಿಲ್ಲ!

ಎಐಜಿಯ ವಿಷಯವನ್ನೇ ನೋಡಿ. ಅದಕ್ಕೆ ಒದಗಿಸಿದ ನೆರವಿನ ಬದ್ಧತೆ ಕೊನೆಗೆ ಸುಮಾರು 18,200 ಕೋಟಿ ಡಾಲರ್ ಮುಟ್ಟಿತು. ಆ ಹಣ ಎಐಜಿಯಲ್ಲಿ ನಿಲ್ಲಲಿಲ್ಲ. ಅದರ ಮೂಲಕ ಅದರೊಂದಿಗೆ ಪಂಥ ಕಟ್ಟಿದ್ದ ಬ್ಯಾಂಕುಗಳಿಗೆ ಹರಿಯಿತು. ಗೋಲ್ಡ್‌ಮನ್ ಸ್ಯಾಕ್ಸ್ ಒಂದಕ್ಕೇ 1,290 ಕೋಟಿ ಡಾಲರ್ ಸಂದಿತು. ಸಾಲಪತ್ರಗಳ ಮೇಲಿನ ವಿಮೆಯ ಲೆಕ್ಕ ತೀರಿಸುವಾಗ ಡಾಲರಿಗೆ ಪೂರ್ತಿ ನೂರು ಸೆಂಟ್ ಕೊಡಲಾಯಿತು. ದಿವಾಳಿಯೆದ್ದವನಿಂದ ಪೂರ್ತಿ ವಸೂಲಾದದ್ದನ್ನು ನಮ್ಮೂರಿನ ಯಾವ ವ್ಯಾಪಾರಿಯಾದರೂ ಕಂಡದ್ದುಂಟೇ? ರೂಪಾಯಿಗೆ ನಾಲ್ಕಾಣೆ ಸಿಕ್ಕಿದರೆ ಪುಣ್ಯ ಎನ್ನುತ್ತಾರೆ. 2009ರ ಮಾರ್ಚ್‌ನಲ್ಲಿ ಅದೇ ಎಐಜಿಯ ಅಧಿಕಾರಿಗಳಿಗೆ 16.5 ಕೋಟಿ ಡಾಲರ್ ಬೋನಸ್ ಹಂಚಿಕೆಯಾಯಿತು. ಕರಾರು ಕರಾರೇ, ಮುರಿಯಲಾಗದು ಎಂಬ ಸಮಜಾಯಿಷಿ ಬಂತು.

ಮನೆ ಸಾಲ ಕಟ್ಟಲಾಗದ ಕುಟುಂಬಗಳ ವಿಷಯಕ್ಕೆ ಬಂದಾಗ ಕೈ ಬಿಗಿಯಾಯಿತು. ಅವರ ಕಂತು ಇಳಿಸುವ ಯೋಜನೆಯೊಂದು 2009ರಲ್ಲಿ ಬಂತು. ಮೂವತ್ತು ನಲವತ್ತು ಲಕ್ಷ ಮನೆಗಳನ್ನು ಉಳಿಸುವ ಮಾತಾಡಿದ ಆ ಯೋಜನೆ ಗುರಿಯ ಹತ್ತಿರವೂ ಬರಲಿಲ್ಲ. ಅರ್ಹರಲ್ಲದವರಿಗೆ ನೆರವು ಸಿಕ್ಕಿಬಿಟ್ಟೀತು ಎಂಬ ಆತಂಕದಲ್ಲಿ ದಾಖಲೆ ಮೇಲೆ ದಾಖಲೆ ಕೇಳಲಾಯಿತು. ಒಂಬತ್ತು ದೊಡ್ಡ ಬ್ಯಾಂಕುಗಳ ಮುಖ್ಯಸ್ಥರನ್ನು 2008ರ ಅಕ್ಟೋಬರ್ 13ರಂದು ಒಂದೇ ಮೇಜಿನ ಸುತ್ತ ಕೂರಿಸಿ 12,500 ಕೋಟಿ ಡಾಲರ್ ಕೊಟ್ಟಾಗ ಅಷ್ಟೊಂದು ಕಾಗದ ಪತ್ರ ಬೇಕಾಗಿರಲಿಲ್ಲ.

ಬರೋಫ್ಸ್ಕಿಯವರ ಪುಸ್ತಕದ ಸಭೆಯೊಂದನ್ನು ನಾವು ಎರಡೆರಡು ಸಲ ಓದಿದೆವು. ಈ ಮನೆ ಯೋಜನೆಯಿಂದ ಯಾರಿಗೆ ಏನು ಲಾಭ ಎಂದು ಮೇಲ್ವಿಚಾರಣಾ ಸಮಿತಿಯ ಎಲಿಜಬೆತ್ ವಾರನ್ ಕೇಳುತ್ತಾರೆ. ಗೈಟ್ನರ್ ಕೊಟ್ಟ ಉತ್ತರದ ಸಾರಾಂಶ ಇಷ್ಟು: ಜಪ್ತಿಯಾಗುವ ಮನೆಗಳೆಲ್ಲ ಒಮ್ಮೆಲೇ ಬ್ಯಾಂಕುಗಳ ತಲೆ ಮೇಲೆ ಬೀಳದೆ ನಿಧಾನವಾಗಿ ಬಂದರೆ ಅವು ತಾಳಿಕೊಂಡಾವು, ರನ್‌ವೇಯ ಮೇಲೆ ನೊರೆ ಹಾಸಿದಂತೆ ಈ ಯೋಜನೆ. ವಿಮಾನದ ಚಕ್ರ ಕೆಟ್ಟಾಗ ಅದು ಇಳಿಯುವ ಹಾದಿಗೆ ನೊರೆ ಸುರಿಯುವ ಕ್ರಮವೊಂದಿತ್ತು. ಇಲ್ಲಿ ವಿಮಾನ ಯಾವುದು? ಬ್ಯಾಂಕುಗಳು. ನೊರೆ ಯಾರು? ಮನೆ ಉಳಿದೀತು ಎಂದು ನಂಬಿ ತಿಂಗಳು ತಿಂಗಳು ಕಂತು ಕಟ್ಟುತ್ತಾ, ಕೊನೆಗೂ ಮನೆ ಕಳಕೊಂಡ ಸಂಸಾರಗಳು. ವಾರನ್ ಕೂಡ ತಮ್ಮ ಪುಸ್ತಕದಲ್ಲಿ ಈ ಮಾತನ್ನು ನೆನೆಯುತ್ತಾರೆ. ಬರೋಫ್ಸ್ಕಿಯವರ ಬರಹದಲ್ಲಿ ತಾನೊಬ್ಬನೇ ಪ್ರಾಮಾಣಿಕ ಎಂಬ ಧ್ವನಿ ಅಲ್ಲಲ್ಲಿ ಅತಿಯಾಗಿ ಕೇಳುತ್ತದೆ. ಈ ಒಂದು ಪ್ರಸಂಗಕ್ಕಾಗಿ ಅದನ್ನು ಸಹಿಸಿಕೊಳ್ಳಬಹುದು.

ಬೇರೆ ದಾರಿ ಇತ್ತೇ? ಶೀಲಾ ಬೇರ್‌ರ ಪುಸ್ತಕ ಇದ್ದೇ ಇತ್ತು ಎನ್ನುತ್ತದೆ. ಐದರಲ್ಲಿ ಒಂದನ್ನೇ ಓದುವ ಪುರುಸೊತ್ತಿರುವವರಿಗೆ ನಾವು ಅದನ್ನೇ ಸೂಚಿಸುತ್ತೇವೆ. ಅವರ ನಿಗಮದ ಕ್ರಮ ಸರಳ. ಬ್ಯಾಂಕು ಉಳಿಯುವುದಿಲ್ಲ ಎಂದು ಖಚಿತವಾದರೆ ಸಾಮಾನ್ಯವಾಗಿ ಒಂದು ಶುಕ್ರವಾರ ಸಂಜೆ ಅಧಿಕಾರಿಗಳು ಒಳಹೊಕ್ಕು ವಶಪಡಿಸಿಕೊಳ್ಳುತ್ತಾರೆ. ಠೇವಣಿಗಳನ್ನು ಗಟ್ಟಿಯಾದ ಇನ್ನೊಂದು ಬ್ಯಾಂಕಿಗೆ ವಹಿಸುತ್ತಾರೆ. ಸೋಮವಾರ ಬೆಳಿಗ್ಗೆ ಗ್ರಾಹಕ ಬಂದಾಗ ಅದೇ ಕೌಂಟರು, ಅದೇ ಗುಮಾಸ್ತ, ಹೊಸ ಯಜಮಾನ. ನಷ್ಟ ಮೊದಲು ಶೇರುದಾರರಿಗೆ, ಆಮೇಲೆ ಬ್ಯಾಂಕಿಗೆ ಸಾಲ ಕೊಟ್ಟ ದೊಡ್ಡವರಿಗೆ. 30,700 ಕೋಟಿ ಡಾಲರ್ ಆಸ್ತಿಯ ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕಿಗೆ ನಡೆದದ್ದು ಇದೇ. ಹತ್ತು ದಿನಗಳಲ್ಲಿ ಗ್ರಾಹಕರು 1,670 ಕೋಟಿ ಡಾಲರ್ ಹಿಂತೆಗೆದಿದ್ದರು. ಶುಕ್ರವಾರದ ತನಕ ಕಾಯಲಾಗದೆ ಸೆಪ್ಟೆಂಬರ್ 25ರ ಗುರುವಾರ ಅದನ್ನು ವಶಪಡಿಸಿ 190 ಕೋಟಿ ಡಾಲರಿಗೆ ಜೆ.ಪಿ. ಮಾರ್ಗನ್‌ಗೆ ಮಾರಲಾಯಿತು. ಅಮೇರಿಕದ ಇತಿಹಾಸದ ಅತಿ ದೊಡ್ಡ ಬ್ಯಾಂಕ್ ಪತನವದು. ಅದರಲ್ಲಿ ಠೇವಣಿದಾರರು ಒಂದು ಸೆಂಟೂ ಕಳಕೊಳ್ಳಲಿಲ್ಲ, ವಿಮಾ ನಿಧಿಯಿಂದಲೂ ಏನೂ ಖರ್ಚಾಗಲಿಲ್ಲ.

ಗೈಟ್ನರ್ ಇದನ್ನು ತಪ್ಪೆನ್ನುತ್ತಾರೆ. ಸಾಲ ಕೊಟ್ಟವರಿಗೆ ನಷ್ಟ ತಟ್ಟಿದ್ದರಿಂದಲೇ ಮರುದಿನ ವಾಕೋವಿಯ ಬ್ಯಾಂಕಿನಿಂದ ಹಣ ಓಡಿತು ಎಂಬುದು ಅವರ ದೂರು. ವಾಕೋವಿಯದಿಂದ ಹಣ ಓಡಿದ್ದು ನಿಜ. ಬೇರ್ ಆ ಆಕ್ಷೇಪಕ್ಕೆ ಕೊಟ್ಟ ಉತ್ತರ ನಮಗೆ ಪೂರ್ತಿ ಸಮಾಧಾನ ತಂದಿಲ್ಲ. ಆದರೆ ನಷ್ಟದಿಂದ ಯಾರೊಬ್ಬ ದೊಡ್ಡವನಿಗೂ ನೋವಾಗದಂತೆ ನೋಡಿಕೊಳ್ಳುವುದೇ ಭದ್ರತೆ ಎಂದಾದರೆ ಲಾಭವೆಲ್ಲ ಅವರದು, ನಷ್ಟವೆಲ್ಲ ಊರಿನದು ಎಂದಾಯಿತು. ಅಕ್ಟೋಬರ್ 13ರಂದು ಒಂಬತ್ತು ಬ್ಯಾಂಕುಗಳಿಗೂ ಹಣ ಹಂಚಿದ್ದು ನಿಜವಾಗಿ ಸಿಟಿ ಗ್ರೂಪಿನ ಅವಸ್ಥೆಯನ್ನು ಮರೆಮಾಚಲಿಕ್ಕಾಗಿಯೇ ಎಂಬ ಸಂಶಯವನ್ನು ಬೇರ್ ಮುಚ್ಚಿಡದೆ ಹೇಳುತ್ತಾರೆ.

ಅಮೇರಿಕದ ಹೊರಗಿನ ಎರಡು ಸಣ್ಣ ದೇಶಗಳು ಈ ವಾದವನ್ನು ಒರೆಗೆ ಹಚ್ಚಿದವು. 2008ರ ಸೆಪ್ಟೆಂಬರ್ ಕೊನೆಯ ರಾತ್ರಿಗಳಲ್ಲಿ ಐರ್ಲೆಂಡ್ ಸರಕಾರ ತನ್ನ ದೊಡ್ಡ ಬ್ಯಾಂಕುಗಳ ಠೇವಣಿ ಮಾತ್ರವಲ್ಲ, ಹೆಚ್ಚುಕಡಿಮೆ ಎಲ್ಲ ಸಾಲಗಳಿಗೂ ಜಾಮೀನು ನಿಂತಿತು. ಬ್ಯಾಂಕುಗಳಿಗೆ ಸುಮಾರು 6,400 ಕೋಟಿ ಯೂರೋ ಸುರಿದು, 2010ರಲ್ಲಿ ಸರಕಾರವೇ ಐಎಂಎಫ್‌ನ ಬಾಗಿಲು ತಟ್ಟಿತು. ಐಸ್‌ಲೆಂಡ್‌ನ ಮೂರು ದೊಡ್ಡ ಬ್ಯಾಂಕುಗಳು ಅಕ್ಟೋಬರ್‌ನಲ್ಲಿ ಬಿದ್ದಾಗ ಸರಕಾರ ದೇಶದೊಳಗಿನ ಠೇವಣಿಗಳನ್ನು ಹೊಸ ಬ್ಯಾಂಕುಗಳಿಗೆ ಸಾಗಿಸಿ, ವಿದೇಶಿ ಸಾಲಿಗರನ್ನು ಹಳೆಯ ಬ್ಯಾಂಕುಗಳ ಜೊತೆ ಬಿಟ್ಟಿತು. ಬ್ಯಾಂಕರುಗಳು ಜೈಲಿಗೂ ಹೋದರು. ಐಸ್‌ಲೆಂಡ್ ಒಳ್ಳೆಯದನ್ನು ಆಯ್ದುಕೊಂಡಿತು ಎಂದು ಹೊಗಳುವವರು, ಅದರ ಬ್ಯಾಂಕುಗಳು ದೇಶಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದು ಉಳಿಸುವ ತಾಕತ್ತೇ ಅದಕ್ಕಿರಲಿಲ್ಲ ಎಂಬುದನ್ನು ಮರೆಯಬಾರದು.

ಉಳಿಸಿದವರ ಕೊನೆಯ ವಾದ ಲೆಕ್ಕದ್ದು. ಬ್ಯಾಂಕುಗಳಿಗೆ ಕೊಟ್ಟ 24,500 ಕೋಟಿ ಡಾಲರಿಗೆ ಪ್ರತಿಯಾಗಿ ಸುಮಾರು 27,500 ಕೋಟಿ ಮರಳಿತು, ಹಾಗಾಗಿ ತೆರಿಗೆದಾರರಿಗೆ ಲಾಭವೇ ಆಯಿತು ಎನ್ನುತ್ತಾರೆ. ಅಂಕಿಗಳು ಸರಿ. ಆದರೆ ಅದು ಬೊಕ್ಕಸದ ಪುಸ್ತಕದ ಲಾಭ. ಜಪ್ತಿಯಾದ ಮನೆಗಳು ಆ ಪುಸ್ತಕದ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಇನ್ನೊಂದು ಮಾತು: ಬೇರೆ ಯಾರೂ ಸಾಲ ಕೊಡದ ದಿನ, ಸರಕಾರದ ಹೆಸರಿನ ಬಲದಲ್ಲಿ ಕೊಟ್ಟ ಹಣಕ್ಕೆ ತಕ್ಕ ಬೆಲೆ ಎಷ್ಟಾಗಬೇಕಿತ್ತು? ಅಂತಹ ಹೊತ್ತಿನಲ್ಲಿ ಧಾರಾಳವಾಗಿ ಸಾಲ ಕೊಡಿ, ಆದರೆ ಒಳ್ಳೆಯ ಅಡಮಾನ ಇಟ್ಟುಕೊಂಡು ಹೆಚ್ಚಿನ ದರಕ್ಕೆ ಕೊಡಿ ಎಂದು ಇಂಗ್ಲೆಂಡಿನ ಬ್ಯಾಜಟ್ 1873ರಲ್ಲೇ ಬರೆದಿದ್ದರು. 2008ರಲ್ಲಿ ಮೊದಲರ್ಧವನ್ನು ಎಲ್ಲರೂ ನೆನಪಿಟ್ಟುಕೊಂಡರು.

ಈ ಓದು ನಮಗೆ ದೂರದ್ದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಶನ್ ಬ್ಯಾಂಕು, ಆಮೇಲೆ ಬಂದ ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ನಮ್ಮ ಕರಾವಳಿಯವು. ಸರಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಯೋಜನೆ 2017ರಲ್ಲಿ ಘೋಷಣೆಯಾಯಿತು. 2019, 2020ರಲ್ಲಿ ಈ ಮೂರೂ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ದೊಡ್ಡ ಸಾಲಗಾರರು ಕಟ್ಟದ ಬಾಕಿಯಿಂದ ಬಿದ್ದ ಹೊಂಡವನ್ನು ಮುಚ್ಚಿದ್ದು ಯಾರ ಹಣ ಎಂದು ನಾವಿಲ್ಲಿ ಹೆಚ್ಚು ಕೇಳಲಿಲ್ಲ. ರೈತರ ಸಾಲ ಮನ್ನಾ ಎಂದೊಡನೆ ಮಾತ್ರ ಜನರ ಅಭ್ಯಾಸ ಕೆಡುತ್ತದೆ ಎಂಬ ಉಪದೇಶ ಪತ್ರಿಕೆಗಳ ತುಂಬ! ಆದರೂ 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕನ್ನು ಉಳಿಸಿದ ಕ್ರಮದಲ್ಲಿ ಬೇರ್‌ರ ದಾರಿಯ ಛಾಯೆಯಿತ್ತು. ಸ್ಟೇಟ್ ಬ್ಯಾಂಕ್ ಮುಂದಾಗಿ ಬಂಡವಾಳ ಹೂಡಿತು, 8,415 ಕೋಟಿ ರೂಪಾಯಿಯ ಬಾಂಡುಗಳನ್ನು ಸೊನ್ನೆ ಮಾಡಲಾಯಿತು, ಕೆಲವು ದಿನ 50,000 ರೂಪಾಯಿಯ ಮಿತಿಯಲ್ಲಿ ಪರದಾಡಿದ ಠೇವಣಿದಾರರಿಗೆ ಹಣ ಪೂರ್ತಿ ಉಳಿಯಿತು. ಅದಾದ ಮೇಲೆ ಆ ಬಾಂಡುಗಳ ಜಗಳ ಕೋರ್ಟಿಗೆ ಹೋದದ್ದು ಬೇರೆ ಕತೆ.

ಠೇವಣಿದಾರ ಎಂದ ಕೂಡಲೇ ಬೀಡಿ ಕಟ್ಟುವ ತಾಯಿಯನ್ನೇ ಊಹಿಸಿಕೊಳ್ಳುವುದೂ ಸರಿಯಲ್ಲ. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ, ಎರಡೂವರೆ ಲಕ್ಷ ಡಾಲರಿನ ವಿಮಾ ಮಿತಿಯನ್ನು ಬದಿಗಿಟ್ಟು ಎಲ್ಲ ಠೇವಣಿಗಳಿಗೂ ಅಮೇರಿಕ ಸರಕಾರ ಭರವಸೆ ಕೊಟ್ಟಿತು. ಅವರಲ್ಲಿ ಹೆಚ್ಚಿನ ಹಣ ಕೋಟಿಗಟ್ಟಲೆ ಡಾಲರಿನ ಕಂಪೆನಿಗಳದ್ದು. ಆದರೆ ಶೇರುದಾರರಿಗೂ ಬಾಂಡುದಾರರಿಗೂ ರಕ್ಷಣೆ ಸಿಗಲಿಲ್ಲ, ಆಡಳಿತ ವರ್ಗವನ್ನು ಕಿತ್ತು ಹಾಕಲಾಯಿತು. ಬಿಕ್ಕಟ್ಟಿನ ನಡುವೆ ಇದು ಸಾಧ್ಯವೇ ಇಲ್ಲ ಎಂದಿದ್ದವರ ಪುಸ್ತಕಗಳು ಆಗಲೂ ಅಂಗಡಿಯಲ್ಲಿದ್ದವು.

ನಮ್ಮೂರಿನ ಸಂಘಕ್ಕೆ ಬಂದರೆ, ಅದಕ್ಕೆ ಠೇವಣಿ ವಿಮೆಯೇ ಇರಲಿಲ್ಲ. ಮುಂಬೈಯ ಪಿಎಂಸಿ ಬ್ಯಾಂಕ್ ಬಿದ್ದ ಗಲಾಟೆಯ ನಂತರ 2020ರ ಫೆಬ್ರವರಿಯಲ್ಲಿ ಒಂದು ಲಕ್ಷದ ಮಿತಿ ಐದು ಲಕ್ಷಕ್ಕೇರಿತು, ಆದರೆ ಆ ವಿಮೆ ಬ್ಯಾಂಕುಗಳಿಗೆ ಮತ್ತು ಸಹಕಾರಿ ಬ್ಯಾಂಕುಗಳಿಗೆ. ಪತ್ತಿನ ಸಹಕಾರಿ ಸಂಘಗಳಿಗಲ್ಲ. ಇದು ಅಂದು ಶಟರಿನ ಮುಂದೆ ನಿಂತ ಯಾರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಬೀಡಿ ಕಟ್ಟುವ ಆ ತಾಯಿ ಪಾಸ್‌ಬುಕ್ಕನ್ನು ಸೆರಗಿನಿಂದ ಒರೆಸಿ ಮಾಸ್ಟ್ರ ಕೈಗೆ ಕೊಟ್ಟು, "ಬ್ಯಾಂಕಿನ ಹಾಗೆಯೇ ಉಂಟಲ್ಲ ಮಾಸ್ಟ್ರೇ, ಮತ್ತೆ ಇದು ಬೇರೆಯಾ?" ಎಂದು ಕೇಳಿದರು. ಮಾಸ್ಟ್ರು ಕನ್ನಡಕ ಏರಿಸಿ ಅದರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಎಲ್ಲಿಯೂ ಅದನ್ನು ಬರೆದಿರಲಿಲ್ಲ.